ಬೆಳೆ ತಿನ್ನುವ ಹುಳುವಿಗೆ ಹುಳುವೇ ವೈರಿ

(ಗಡಿನಾಡಿನ ರೈತ ಬಂಧುಗಳಿಗೆ ಒಂದು ಪಾಠ. ಓದು ಬಲ್ಲವರು ಮನೆಯ ಹಿರಿಯರಿಗೂ ನೆರೆಹೊಲದವರಿಗೂ ಓದಿ ಹೇಳಬೇಕು.)

ಬೆಳುಗುಪ್ಪ, ಕಲ್ಯಾಣದುರ್ಗ, ರಾಯದುರ್ಗ, ಮಡಕಶಿರಾ, ಹಿಂದೂಪುರ ಸೀಮೆಯ ರೈತನ ಬಾಳು ಮಳೆಯನ್ನು ನಂಬಿ ನಿಂತದ್ದು. ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ ೫೫೦ ಮಿಲಿಮೀಟರಿನ ಆಸುಪಾಸು. ಅದೂ ಹೇಳಿದ ಹೊತ್ತಿಗೆ ಬಾರದು. ಇಂಥ ಮಳೆಯಲ್ಲಿ ಸಾಲ ಮಾಡಿ ಬೀಜ ತಂದು ಬಿತ್ತಿ, ಪೈರು ನಾಲ್ಕು ಎಲೆ ಬಿಟ್ಟಿತೆನ್ನುವಾಗ ಹುಳು ಬಿದ್ದರೆ ರೈತನ ಎದೆ ಒಡೆಯುತ್ತದೆ. ಕೂಡಲೇ ಪೇಟೆಗೆ ಓಡುತ್ತಾನೆ; ಅಂಗಡಿಯವನು ಕೊಟ್ಟ ಎಣ್ಣೆಯನ್ನು ಉದ್ರಿ ತಂದು ಹೊಡೆಯುತ್ತಾನೆ. ವಾರ ಕಳೆದರೆ ಮತ್ತೆ ಹುಳು, ಮತ್ತೆ ಎಣ್ಣೆ, ಮತ್ತೆ ಉದ್ರಿ. ಸುಗ್ಗಿಯ ಹೊತ್ತಿಗೆ ಬೆಳೆಯ ಹಣ ಅಂಗಡಿಯ ಲೆಕ್ಕಕ್ಕೆ ಸರಿಹೋಗುತ್ತದೆ.

ಆದರೆ ಆ ಹುಳುವನ್ನು ತಿಂದು ಬದುಕುವ ನೂರಾರು ಬಗೆಯ ಕೀಟಗಳು ಅದೇ ಹೊಲದಲ್ಲಿವೆ. ಅವುಗಳಿಗೆ ಕೂಲಿ ಬೇಡ, ಉದ್ರಿ ಬೇಡ. ನಾವು ಅವುಗಳನ್ನು ಗುರುತಿಸದೆ, ಹುಳುವಿನ ಜೊತೆಗೆ ಅವುಗಳನ್ನೂ ಕೊಂದುಹಾಕುತ್ತಿದ್ದೇವೆ. ಈ ಮಿತ್ರಕೀಟಗಳು ಯಾವುವು, ಅವು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಅವುಗಳ ಕೈ ಸಾಗುತ್ತದೆ, ಎಲ್ಲಿ ಸಾಗದು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ನಮ್ಮ ಹೊಲದ ನಾಲ್ಕು ಹುಳುಗಳು

ಒಂದು: ಕೆಂಪು ಕಂಬಳಿಹುಳು. ತೆಲುಗಿನಲ್ಲಿ ಎರ್ರ ಗೊಂಗಳಿ ಪುರುಗು. ಮಸಾರಿ ನೆಲದ ಶೇಂಗಾ ಬೆಳೆಗೆ ಇದಕ್ಕಿಂತ ದೊಡ್ಡ ವೈರಿ ಇಲ್ಲ. ಹತ್ತು ತಿಂಗಳು ಮಣ್ಣಿನೊಳಗೆ ಕೋಶವಾಗಿ ಮಲಗಿರುತ್ತದೆ. ಮುಂಗಾರಿನ ಮೊದಲ ಹದವಾದ ಮಳೆ ಬಿದ್ದ ಕೂಡಲೇ ಬಿಳಿ ರೆಕ್ಕೆಯ ಪತಂಗವಾಗಿ ಸಂಜೆ ಹೊರಬರುತ್ತದೆ. ಒಂದೊಂದು ಹೆಣ್ಣು ಪತಂಗ ಎಲೆಯಡಿ ಗುಂಪುಗುಂಪಾಗಿ ನೂರಾರು ತತ್ತಿ ಇಡುತ್ತದೆ. ಮೂರು ನಾಲ್ಕು ದಿನಕ್ಕೆ ಮರಿಗಳು ಹೊರಬಿದ್ದು ಎಲೆಯ ಹಸಿರನ್ನು ಕೆರೆದು ಜಾಲರಿ ಮಾಡುತ್ತವೆ. ಬಲಿತ ಮೇಲೆ ದಂಡು ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ ನಡೆಯುತ್ತವೆ.

ಎರಡು: ಶೇಂಗಾದ ಎಲೆ ಸುರಂಗದ ಹುಳು. ಮಳೆ ಹಿಂದೆಗೆದು ಒಣಹವೆ ಹಿಡಿದಾಗ ಇದರ ಕಾಟ ಹೆಚ್ಚು. ಎಲೆಯ ಒಳಗೇ ಕೊರೆದು ಕೂತು, ಆಮೇಲೆ ಎಲೆಗಳನ್ನು ನೂಲಿನಿಂದ ಮಡಿಸಿಕೊಂಡು ತಿನ್ನುತ್ತದೆ. ದೂರದಿಂದ ನೋಡಿದರೆ ಹೊಲಕ್ಕೆ ಬೆಂಕಿ ತಗುಲಿದಂತೆ ಕಾಣುತ್ತದೆ.

ಮೂರು: ತಂಬಾಕಿನ ಹುಳು, ಅಂದರೆ ಸ್ಪೊಡಾಪ್ಟೆರಾ. ತತ್ತಿಗಳನ್ನು ಗುಡ್ಡೆಯಾಗಿಟ್ಟು ಮೇಲೆ ಕಂದು ರೋಮ ಹೊದಿಸುತ್ತದೆ. ಹಗಲು ಬುಡದಲ್ಲಿ ಅಡಗಿದ್ದು ರಾತ್ರಿ ತಿನ್ನುತ್ತದೆ.

ನಾಲ್ಕು: ಕಾಯಿಕೊರಕ, ಅಂದರೆ ಹೆಲಿಕೊವರ್ಪಾ. ಬೆಳುಗುಪ್ಪ, ಉರವಕೊಂಡ ಕಡೆಯ ಎರೆ ನೆಲದ ಹಿಂಗಾರಿ ಕಡಲೆಗೆ, ಎಲ್ಲ ಕಡೆಯ ತೊಗರಿಗೆ ಇದೇ ಯಮ. ತಲೆಯನ್ನು ಕಾಯಿಯೊಳಗೆ ತೂರಿಸಿ, ಮೈಯನ್ನು ಹೊರಗಿಟ್ಟುಕೊಂಡು ಕಾಳು ತಿನ್ನುವ ಹಸಿರು ಹುಳುವನ್ನು ನೋಡದ ರೈತರಿಲ್ಲ.

ಈ ನಾಲ್ಕಕ್ಕೂ ಬಾಳಿನಲ್ಲಿ ನಾಲ್ಕು ಅವಸ್ಥೆಗಳಿವೆ: ತತ್ತಿ, ಹುಳು, ಕೋಶ, ಪತಂಗ. ನಾವು ಹುಳುವನ್ನು ಮಾತ್ರ ನೋಡಿ ಎಣ್ಣೆ ಹಿಡಿಯುತ್ತೇವೆ. ಪ್ರಕೃತಿಯಾದರೋ ನಾಲ್ಕು ಅವಸ್ಥೆಗೂ ಒಂದೊಂದು ವೈರಿಯನ್ನು ಇಟ್ಟಿದೆ.

ಮಿತ್ರಕೀಟಗಳು ಎರಡು ಬಗೆ

ಮೊದಲನೆಯವು ಹಿಡಿದು ತಿನ್ನುವ ಕೀಟಗಳು. ಇವನ್ನು ಪರಭಕ್ಷಕಗಳೆನ್ನುತ್ತಾರೆ. ಸೂರ್ಯನ ಕುದುರೆ, ಗುಲಗಂಜಿ ಹುಳು, ನೆಲದ ಮೇಲೆ ರಾತ್ರಿ ಓಡಾಡುವ ಕಪ್ಪು ಜೀರುಂಡೆ, ಚೂಪು ಸೂಜಿಬಾಯಿಯಿಂದ ಹುಳುವನ್ನು ಚುಚ್ಚಿ ರಸ ಹೀರುವ ತಿಗಣೆಗಳು ಈ ಗುಂಪಿನವು. ಹಸಿರು ಜಾಲರಿ ರೆಕ್ಕೆಯ ಕೀಟವೂ ಇದೇ ಗುಂಪು. ಅದು ಕೂದಲಿನಂಥ ಕಡ್ಡಿಯ ತುದಿಯಲ್ಲಿ ಒಂದೊಂದೇ ತತ್ತಿ ಇಡುತ್ತದೆ. ಅದರ ಮರಿ ಹೇನನ್ನೂ, ಹುಳುವಿನ ತತ್ತಿಯನ್ನೂ, ಎಳೆಯ ಹುಳುಗಳನ್ನೂ ತಿನ್ನುತ್ತದೆ. ಜೇಡ ಕೀಟವಲ್ಲದಿದ್ದರೂ ಕೆಲಸದಲ್ಲಿ ಇವುಗಳ ಅಣ್ಣ.

ನಮ್ಮ ಮನೆಯ ಗೋಡೆಯ ಮೇಲೆ, ಜಂತಿಯ ಸಂದಿಯಲ್ಲಿ ಮಣ್ಣಿನ ಪುಟ್ಟ ಗಡಿಗೆ ಕಟ್ಟುವ ಕಣಜವನ್ನು ಎಲ್ಲರೂ ಕಂಡಿದ್ದೇವೆ. ಒಮ್ಮೆ ಆ ಗಡಿಗೆಯನ್ನು ಒಡೆದು ನೋಡಿ. ಒಳಗೆ ಸಾಲಾಗಿ ಹಸಿರು ಹುಳುಗಳನ್ನು ತುಂಬಿರುತ್ತದೆ. ಅವು ಸತ್ತಿರುವುದಿಲ್ಲ, ಕಣಜ ಕುಟುಕಿದ್ದರಿಂದ ಅಲುಗಾಡದೆ ಬಿದ್ದಿರುತ್ತವೆ. ಕಣಜದ ಮರಿಗೆ ಅವೇ ಬುತ್ತಿ. ಆ ಹುಳುಗಳೆಲ್ಲ ನಮ್ಮ ಹೊಲ ಹಿತ್ತಲುಗಳಿಂದ ಆರಿಸಿ ತಂದವು.

ಎರಡನೆಯವು ಹುಳುವಿನ ಮೈಯಲ್ಲೇ ಮನೆ ಮಾಡಿ ಅದನ್ನು ಕೊಲ್ಲುವ ಕೀಟಗಳು. ಇವನ್ನು ಪರತಂತ್ರ ಕೀಟಗಳೆನ್ನುತ್ತಾರೆ. ರೇಷ್ಮೆ ಸಾಕುವ ಹಿಂದೂಪುರ, ಮಡಕಶಿರಾ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಊಜಿ ನೊಣ ಎಂದರೆ ಸಾಕು. ಆ ನೊಣ ರೇಷ್ಮೆ ಹುಳುವಿನ ಮೈಮೇಲೆ ಬಿಳಿ ತತ್ತಿ ಇಡುತ್ತದೆ, ಅದರ ಮರಿ ಹುಳುವಿನೊಳಗೆ ಹೊಕ್ಕು ತಿಂದು, ಗೂಡನ್ನೇ ತೂತು ಮಾಡಿಕೊಂಡು ಬರುತ್ತದೆ. ಈ ನೊಣ ೧೯೮೦ರಲ್ಲಿ ಕರ್ನಾಟಕಕ್ಕೆ ಬಂದು ರೇಷ್ಮೆ ಬೆಳೆಗಾರರನ್ನು ಅಳಿಸಿತು. ಊಜಿ ನೊಣ ರೇಷ್ಮೆ ಹುಳುವಿಗೆ ಮಾಡುವುದನ್ನೇ ಅದರ ದಾಯಾದಿ ನೊಣಗಳು ನಮ್ಮ ಹೊಲದ ಕಾಯಿಕೊರಕಕ್ಕೂ ಕಂಬಳಿಹುಳುವಿಗೂ ಮಾಡುತ್ತವೆ. ಅಲ್ಲಿ ಶಾಪವಾದದ್ದು ಇಲ್ಲಿ ವರ. ಇನ್ನೊಂದು ಮಾತು: ಊಜಿ ನೊಣಕ್ಕೂ ವೈರಿ ಉಂಟು. ನೆಸೊಲಿಂಕ್ಸ್ ಥೈಮಸ್ ಎಂಬ ಸಣ್ಣ ಕಣಜ ಊಜಿಯ ಕೋಶದೊಳಗೆ ತತ್ತಿಯಿಟ್ಟು ಅದನ್ನು ಮುಗಿಸುತ್ತದೆ. ರೇಷ್ಮೆ ಸಂಸ್ಥೆಗಳು ಈ ಕಣಜವನ್ನು ಸಾಕಿ ಚೀಲದಲ್ಲಿ ಬೆಳೆಗಾರರಿಗೆ ಕೊಡುತ್ತಾ ಬಂದಿವೆ. ಹುಳುವಿಗೆ ನೊಣ ವೈರಿ, ನೊಣಕ್ಕೆ ಕಣಜ ವೈರಿ. ಪ್ರಕೃತಿಯ ತಕ್ಕಡಿ ನಿಂತಿರುವುದು ಹೀಗೆ.

ಪರತಂತ್ರ ಕೀಟಗಳಲ್ಲಿ ಗುರುತಿಟ್ಟುಕೊಳ್ಳಬೇಕಾದ ಮೂರು

ಟ್ರೈಕೊಗ್ರಾಮಾ: ಇದು ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ ಕಣಜ. ರಾಗಿ ಕಾಳಿನ ಮೇಲೆ ಕೂತರೂ ಜಾಗ ಉಳಿಯುವಷ್ಟು ಸಣ್ಣದು. ಪತಂಗ ಇಟ್ಟ ತತ್ತಿಯೊಳಗೆ ಇದು ತನ್ನ ತತ್ತಿ ಇಡುತ್ತದೆ. ಮೂರು ನಾಲ್ಕು ದಿನಕ್ಕೆ ಆ ತತ್ತಿ ಕಪ್ಪಾಗುತ್ತದೆ. ವಾರ, ಹತ್ತು ದಿನಕ್ಕೆ ಅದರಿಂದ ಹುಳುವಿನ ಬದಲು ಕಣಜ ಹೊರಬರುತ್ತದೆ. ಬೆಳೆಯನ್ನು ಒಂದು ಕಚ್ಚು ಕಚ್ಚುವ ಮೊದಲೇ ಹುಳುವಿನ ಕಥೆ ಮುಗಿದಿರುತ್ತದೆ. ಇದನ್ನು ಸಾಕುವ ಕ್ರಮವೂ ಸುಲಭ. ಅಕ್ಕಿ ಪತಂಗವನ್ನು ಜೋಳ, ಸಜ್ಜೆಯ ನುಚ್ಚಿನಲ್ಲಿ ಬೆಳೆಸಿ, ಅದರ ತತ್ತಿಗಳನ್ನು ರಟ್ಟಿಗೆ ಅಂಟಿಸಿ, ಟ್ರೈಕೊಗ್ರಾಮಾಕ್ಕೆ ಒಡ್ಡುತ್ತಾರೆ. ಒಂದು ರಟ್ಟಿನಲ್ಲಿ ಸುಮಾರು ೨೦ ಸಾವಿರ ತತ್ತಿ. ಇದೇ ಟ್ರೈಕೊ ಕಾರ್ಡು.

ಅಪಾಂಟೆಲಿಸ್ ಮತ್ತು ಕೊಟೀಸಿಯಾ ಜಾತಿಯ ಕಣಜಗಳು: ಇವು ಹುಳುವಿನ ಒಳಗೆ ಬೆಳೆದು, ಹೊರಬಂದು, ಅದರ ಮೈಯ ಮೇಲೋ ಪಕ್ಕದಲ್ಲೋ ಹತ್ತಿಯಂಥ ಬಿಳಿ ಗೂಡು ಕಟ್ಟುತ್ತವೆ. ಅನೇಕರು ಇದನ್ನು ಹುಳುವಿನ ತತ್ತಿ ಎಂದು ತಿಳಿದು ಕಾಲಲ್ಲಿ ಹೊಸಕುತ್ತಾರೆ. ನೆನಪಿರಲಿ, ಹುಳು ಎಂದಿಗೂ ತತ್ತಿ ಇಡುವುದಿಲ್ಲ. ತತ್ತಿ ಇಡುವುದು ಪತಂಗ. ಸಾಯುತ್ತಿರುವ ಹುಳುವಿನ ಮೇಲೆ ಬಿಳಿ ಗೂಡು ಕಂಡರೆ ಅದು ನಮ್ಮ ಬಂಟನ ಮನೆ. ಮುಟ್ಟಬೇಡಿ.

ಕ್ಯಾಂಪೊಲೆಟಿಸ್: ಇದು ಎಳೆಯ ಕಾಯಿಕೊರಕದೊಳಗೆ ತತ್ತಿಯಿಡುವ ಕಣಜ. ಕಡಲೆ ಹೊಲಕ್ಕೆ ಇದಕ್ಕಿಂತ ದೊಡ್ಡ ಉಪಕಾರಿ ಇಲ್ಲ. ಕಡಲೆ ಎಲೆಯ ಮೇಲೆ ಮುರುಟಿದ ಹುಳುವಿನ ಸಿಪ್ಪೆ, ಪಕ್ಕದಲ್ಲಿ ಜೋಳದ ಕಾಳಿನಷ್ಟು ಗೂಡು ಕಂಡರೆ ಅದು ಇದರದೇ ಕೆಲಸ.

ಕೀಟಗಳಲ್ಲದೆ ರೋಗಗಳೂ ಹುಳುವನ್ನು ಕೊಲ್ಲುತ್ತವೆ. ಎನ್.ಪಿ.ವಿ. ಎಂಬ ನಂಜಾಣು ತಗುಲಿದ ಹುಳು ಗಿಡದ ತುದಿಗೇರಿ ತಲೆಕೆಳಗಾಗಿ ಜೋತು ಸಾಯುತ್ತದೆ. ಮೈ ಒಡೆದರೆ ಒಳಗೆಲ್ಲ ನೀರು. ನೊಮುರಿಯಾ ಎಂಬ ಶಿಲೀಂಧ್ರ ತಗುಲಿದ ಹುಳು ಗಟ್ಟಿಯಾಗಿ, ಬೆಳ್ಳಗಾಗಿ, ಆಮೇಲೆ ಹಸಿರು ಪುಡಿ ಹಿಡಿಯುತ್ತದೆ. ಮೋಡ, ತೇವ ಇದ್ದಾಗ ಇದು ಹೊಲಕ್ಕೆ ಹೊಲವನ್ನೇ ಹಬ್ಬಿ ಹುಳುವನ್ನು ತೊಡೆಯುತ್ತದೆ.

ಇದು ಹೊಸ ಮಾತಲ್ಲ

ಚೀನಾ ದೇಶದ ದಕ್ಷಿಣ ಭಾಗದಲ್ಲಿ ಕಿತ್ತಳೆ ತೋಟದವರು ಕೆಂಪಿರುವೆಯ ಗೂಡುಗಳನ್ನು ಸಂತೆಯಲ್ಲಿ ಕೊಂಡು ಮರಕ್ಕೆ ಕಟ್ಟುತ್ತಿದ್ದರೆಂದು ಕ್ರಿ.ಶ. ೩೦೪ರ ಸುಮಾರಿನ ಬರಹವೊಂದು ಹೇಳುತ್ತದೆ. ಎಲೆ ಹೆಣೆದು ಗೂಡು ಕಟ್ಟುವ ಆ ಇರುವೆಯ ಬಳಗವೇ ನಮ್ಮ ಮಲೆನಾಡು, ಕರಾವಳಿಯ ಚಗಳಿ.

ನಮ್ಮ ಸೀಮೆಯಲ್ಲೇ ಆದ ಸಂಗತಿ ಇನ್ನೊಂದಿದೆ. ಪಾಪಾಸುಕಳ್ಳಿ ಒಂದು ಕಾಲಕ್ಕೆ ದಕ್ಷಿಣದ ಒಣನಾಡಿನ ಊರು, ಹೊಲ, ದಾರಿಗಳನ್ನು ನುಂಗಿತ್ತು. ಕಡಿದರೆ ಕಡಿದಲ್ಲೇ ಚಿಗುರುತ್ತಿತ್ತು. ಅನಂತಪುರವೂ ಸೇರಿದ್ದ ಅಂದಿನ ಮದ್ರಾಸ್ ಪ್ರಾಂತಕ್ಕೆ ೧೯೨೬ರಲ್ಲಿ ಶ್ರೀಲಂಕಾದಿಂದ ಒಂದು ಬಗೆಯ ಕೊಚಿನೀಲ್ ಕೀಟವನ್ನು ತಂದು ಬಿಟ್ಟರು. ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ ಆ ಕೀಟ ಕಳ್ಳಿಯ ರಸ ಹೀರಿ, ಕೆಲವೇ ವರ್ಷಗಳಲ್ಲಿ ಸಾವಿರಾರು ಎಕರೆ ನೆಲವನ್ನು ಬಿಡಿಸಿಕೊಟ್ಟಿತು. ಅದು ಹುಳುವಿನ ವೈರಿಯಲ್ಲ, ಕಳೆಯ ವೈರಿ. ಆದರೆ ನೀತಿ ಒಂದೇ.

ಗಡಿನಾಡಿನ ಮತ್ತೊಂದು ತುದಿ ಕಾಸರಗೋಡು. ಅಲ್ಲಿನ ತೆಂಗಿಗೂ, ನಮ್ಮ ತುಮಕೂರು ಕಡೆಯ ತೆಂಗಿಗೂ ಕಪ್ಪುತಲೆ ಹುಳು ಬಿದ್ದು ಗರಿಗಳನ್ನು ಸುಟ್ಟಂತೆ ಮಾಡುತ್ತದೆ. ಎತ್ತರದ ಮರಕ್ಕೆ ಎಣ್ಣೆ ಹೊಡೆಯುವುದೆಂತು? ಅದಕ್ಕೆ ಗೋನಿಯೋಜಸ್ ಎಂಬ ಕಪ್ಪು ಕಣಜವನ್ನು ಸಾಕಿ ಬಿಡುವ ಕ್ರಮ ರೂಢಿಗೆ ಬಂದಿದೆ. ಈ ಕಣಜದ ತಾಯಿ ಹುಳುವನ್ನು ಕುಟುಕಿ ನಿಶ್ಚಲಗೊಳಿಸಿ, ಮೈಮೇಲೆ ತತ್ತಿಯಿಟ್ಟು, ಮರಿಗಳು ಬೆಳೆಯುವ ತನಕ ಕಾವಲು ಕೂರುತ್ತದೆ. ಅದೇ ಕಾಸರಗೋಡಿನ ಪಡ್ರೆ, ಸ್ವರ್ಗ ಮೊದಲಾದ ಕನ್ನಡದ ಹಳ್ಳಿಗಳ ಸುತ್ತಿನ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಕಾಲ ವಿಮಾನದಿಂದ ಎಂಡೋಸಲ್ಫಾನ್ ಸುರಿದರು. ಅದರ ಫಲವೆಂದು ಜನ ಹೇಳಿದ ಮಕ್ಕಳ ಅಂಗವೈಕಲ್ಯ, ರೋಗರುಜಿನಗಳ ಸುದ್ದಿ ದೇಶವೆಲ್ಲ ಮುಟ್ಟಿತು. ೨೦೧೧ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಾದ್ಯಂತ ತಡೆಯಿತು.

ಬೆಂಗಳೂರಿನಲ್ಲಿ ೧೯೫೭ರಿಂದಲೂ ಮಿತ್ರಕೀಟಗಳ ಸಂಶೋಧನೆ ನಡೆದಿದೆ. ೧೯೯೩ರಲ್ಲಿ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯವೆಂಬ ಹೆಸರಿನಿಂದ ಆರಂಭವಾಗಿ, ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎನಿಸಿಕೊಂಡಿರುವ ಸಂಸ್ಥೆ ಹೆಬ್ಬಾಳದಲ್ಲಿದೆ. ಪಪ್ಪಾಯಿಗೂ ಹಿಪ್ಪುನೇರಳೆಗೂ ಹಿಟ್ಟುತಿಗಣೆ ಬಿದ್ದು ಬೆಳೆಗಾರರು ಕಂಗೆಟ್ಟಾಗ, ೨೦೧೦ರಲ್ಲಿ ಪೋರ್ಟೊರಿಕೊ ದ್ವೀಪದಿಂದ ಒಂದು ಪುಟ್ಟ ಕಣಜವನ್ನು ತರಿಸಿ ಬಿಟ್ಟು ಕಾಟವನ್ನು ಅಡಗಿಸಿದ್ದು ಇದೇ ಸಂಸ್ಥೆ. ೨೦೧೮ರ ಮುಂಗಾರಿನ ಹೊತ್ತಿಗೆ ಶಿವಮೊಗ್ಗ ಕಡೆಯ ಮೆಕ್ಕೆಜೋಳದಲ್ಲಿ ಅಮೆರಿಕದ ಸೈನಿಕ ಹುಳು ನಮ್ಮ ದೇಶದಲ್ಲೇ ಮೊದಲು ಕಂಡುಬಂದಿತು. ಪರದೇಶದ ಹುಳುವಾದರೂ, ಅದೇ ವರ್ಷದಲ್ಲೇ ನಮ್ಮ ನೆಲದ ಟ್ರೈಕೊಗ್ರಾಮಾ, ಟೆಲಿನೋಮಸ್, ಕ್ಯಾಂಪೊಲೆಟಿಸ್ ಕಣಜಗಳು, ನೊಮುರಿಯಾ ಶಿಲೀಂಧ್ರ ಅದರ ಮೇಲೆ ಬಿದ್ದದ್ದನ್ನು ವಿಜ್ಞಾನಿಗಳು ಕಂಡರು. ಹೊಸ ಕಳ್ಳನನ್ನೂ ಹಳೆಯ ಕಾವಲುಗಾರರು ಗುರುತಿಸಿದರು.

ಎಣ್ಣೆ ಹೊಡೆದ ಹೊಲದಲ್ಲಿ ಹುಳು ಯಾಕೆ ಹೆಚ್ಚುತ್ತದೆ?

ಇದು ಪ್ರತಿಯೊಬ್ಬ ರೈತನೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಉತ್ತರ ಮೂರು ಬಗೆಯದು.

ಮೊದಲನೆಯದು, ಕಾಯಿಕೊರಕ ಕಾಯಿಯೊಳಗೆ, ತಂಬಾಕಿನ ಹುಳು ಮಣ್ಣಿನ ಹೆಂಟೆಯಡಿ, ಸುರಂಗದ ಹುಳು ಎಲೆಯ ಮಡಿಕೆಯಲ್ಲಿ ಅಡಗಿರುತ್ತವೆ. ಕಣಜ, ಜೇಡ, ಗುಲಗಂಜಿ ಹುಳುಗಳು ಎಲೆಯ ಮೇಲೆ ಬಯಲಲ್ಲಿ ತಿರುಗಾಡುತ್ತವೆ. ವಿಷ ಮೊದಲು ತಗುಲುವುದು ಬಯಲಲ್ಲಿರುವವಕ್ಕೆ.

ಎರಡನೆಯದು, ಹುಳು ಸಾವಿರವಿದ್ದರೆ ಅದನ್ನು ತಿನ್ನುವ ಕೀಟ ಹತ್ತಾರು ಇರುತ್ತದೆ. ಎರಡೂ ಸತ್ತ ಮೇಲೆ ಪಕ್ಕದ ಹೊಲದಿಂದ ಪತಂಗ ಹಾರಿಬಂದು ಒಂದೇ ರಾತ್ರಿಯಲ್ಲಿ ನೂರಾರು ತತ್ತಿ ಇಡುತ್ತದೆ. ತಿನ್ನುವ ಕೀಟಕ್ಕೆ ಮೊದಲು ಆಹಾರವಿರಬೇಕು, ಆಮೇಲೆ ಅದರ ಸಂಸಾರ. ಆದ್ದರಿಂದ ಹುಳು ಮುಂದೆ ಓಡುತ್ತದೆ, ಮಿತ್ರ ಹಿಂದೆ ಬೀಳುತ್ತದೆ.

ಮೂರನೆಯದು, ವಿಷ ತಿಂದೂ ಬದುಕಿ ಉಳಿದ ಹುಳುವಿನ ಸಂತಾನಕ್ಕೆ ಆ ವಿಷ ತಾಗುವುದಿಲ್ಲ. ೧೯೮೭-೮೮ರಲ್ಲಿ ಗುಂಟೂರು, ಪ್ರಕಾಶಂ ಜಿಲ್ಲೆಗಳ ಹತ್ತಿ ಹೊಲಗಳಲ್ಲಿ ಆದದ್ದು ಇದೇ. ಎಷ್ಟು ಬಾರಿ ಹೊಡೆದರೂ ಕಾಯಿಕೊರಕ ಸಾಯಲಿಲ್ಲ. ಬೆಳೆ ಹೋಯಿತು, ಸಾಲ ಉಳಿಯಿತು, ರೈತರು ಪ್ರಾಣ ಕಳೆದುಕೊಂಡರು. ೧೯೯೭-೯೮ರಲ್ಲಿ ವಾರಂಗಲ್ಲಿನ ಹತ್ತಿಯಲ್ಲಿ ತಂಬಾಕಿನ ಹುಳು, ನಮ್ಮ ಬೀದರ, ಕಲಬುರಗಿಯ ತೊಗರಿಯಲ್ಲಿ ಕಾಯಿಕೊರಕ ಅದೇ ದುಃಖವನ್ನು ತಂದವು. ಬೆಳೆಗೆ ತಂದ ಡಬ್ಬಿಯನ್ನೇ ಕುಡಿದು ಸತ್ತವರ ಮನೆಗಳು ಇಂದಿಗೂ ಇವೆ. ಹುಳುವಿನ ಮಾತು ಹೊಲದ ಮಾತು ಮಾತ್ರವಲ್ಲ, ಮನೆಯ ದೀಪದ ಮಾತು ಎಂದು ತಿಳಿಯಬೇಕು.

ಅಂದಿನ ಆಂಧ್ರ ನೆಲದಲ್ಲೇ ಇನ್ನೊಂದು ಉದಾಹರಣೆಯೂ ಇದೆ. ಅಂದಿನ ಖಮ್ಮಂ ಜಿಲ್ಲೆಯ ಪುನುಕುಲ ಎಂಬ ಹಳ್ಳಿಯವರು ಹತ್ತಿ ಬೆಳೆಗೂ ವಿಷ ಹೊಡೆಯುವುದನ್ನು ವರ್ಷ ವರ್ಷಕ್ಕೆ ಕಡಿಮೆ ಮಾಡುತ್ತಾ ಬಂದು, ೨೦೦೪ರ ಹೊತ್ತಿಗೆ ಊರಿಗೆ ಊರೇ ಕೀಟನಾಶಕ ಬಿಟ್ಟಿತು. ಬೇವು, ಬಲೆಬೆಳೆ, ಮಿತ್ರಕೀಟಗಳೇ ಅವರ ಬಲ.

ಎಲ್ಲ ಬೆಳೆಗೂ ಒಂದೇ ಮದ್ದಲ್ಲ

ಇಲ್ಲಿ ಎಚ್ಚರ ಬೇಕು. ಟ್ರೈಕೊ ಕಾರ್ಡು ತಂದು ಕಟ್ಟಿದೆ, ಫಲ ಕಾಣಲಿಲ್ಲ ಎಂದು ಬೇಸರಪಡುವವರಿದ್ದಾರೆ. ಕಾರಣವಿದೆ.

ಕಡಲೆ ಗಿಡದ ಮೇಲೆ ಬೆಳಗಿನ ಇಬ್ಬನಿಯಲ್ಲಿ ಹುಳಿ ಇಳಿಯುವುದನ್ನು ನಮ್ಮ ಹಿರಿಯರು ಬಟ್ಟೆ ಹಾಸಿ ಹಿಂಡಿ ಇಟ್ಟುಕೊಳ್ಳುತ್ತಿದ್ದರು. ಆ ಹುಳಿಯೇ ಟ್ರೈಕೊಗ್ರಾಮಾಕ್ಕೆ ಕಂಟಕ. ಅಷ್ಟು ಸಣ್ಣ ಕೀಟ ಆ ಹುಳಿಹನಿಯಲ್ಲಿ, ರೋಮದಲ್ಲಿ ಸಿಕ್ಕಿ ಸಾಯುತ್ತದೆ. ತೊಗರಿಯ ಹೂ ಕಾಯಿಗಳ ಅಂಟುರೋಮದಲ್ಲೂ ಅದು ಚೆನ್ನಾಗಿ ಕೆಲಸ ಮಾಡದು. ಆದರೆ ಅದೇ ಕಾಯಿಕೊರಕದ ಪತಂಗ ಜೋಳದ ತೆನೆಯ ಮೇಲೆ ತತ್ತಿಯಿಟ್ಟರೆ ಟ್ರೈಕೊಗ್ರಾಮಾ ಹುಡುಕಿ ಹುಡುಕಿ ಅವನ್ನು ಕೆಡಿಸುತ್ತದೆ. ನಮ್ಮ ಹಿರಿಯರು ತೊಗರಿಯ ಜೊತೆಗೆ ಜೋಳದ ಅಕ್ಕಡಿ ಸಾಲು ಇಡುತ್ತಿದ್ದುದರಲ್ಲಿ ಎಷ್ಟು ವಿವೇಕವಿತ್ತೆಂಬುದು ಇದರಿಂದ ತಿಳಿಯುತ್ತದೆ. ಜೋಳದ ತೆನೆ ಮಿತ್ರಕೀಟಗಳಿಗೆ ಮನೆ, ಹಕ್ಕಿಗಳಿಗೆ ಕೂರುವ ಕಂಬ, ನಮಗೆ ರೊಟ್ಟಿ.

ಆದ್ದರಿಂದ ಕಡಲೆಗೆ ಕ್ಯಾಂಪೊಲೆಟಿಸ್ ಕಣಜವನ್ನು ಉಳಿಸಿಕೊಳ್ಳುವುದು ಮುಖ್ಯ; ಬಿತ್ತಿದ ಮೊದಲ ತಿಂಗಳು ಕಟುವಿಷ ಹೊಡೆಯದಿದ್ದರೆ ಅದು ತಾನೇ ಬರುತ್ತದೆ. ಹುಳು ಮೀರಿದರೆ ಕಾಯಿಕೊರಕದ ಎನ್.ಪಿ.ವಿ. ದ್ರಾವಣವನ್ನು ಎಕರೆಗೆ ೧೦೦ ಎಲ್.ಇ. ಪ್ರಮಾಣದಲ್ಲಿ, ತುಸು ಬೆಲ್ಲ ಬೆರೆಸಿ ಸಂಜೆ ಹೊಡೆಯಬೇಕು. ಬಿಸಿಲು ಈ ನಂಜಾಣುವನ್ನು ಕೊಲ್ಲುತ್ತದೆ. ಎಳೆಯ ಹುಳುವಿಗೆ ತಗುಲಿದರೆ ಮಾತ್ರ ಫಲ. ತೊಗರಿಗೆ ಕಲಬುರಗಿ ಕಡೆಯ ರೈತರ ಪದ್ಧತಿ ಒಳ್ಳೆಯದು: ಗಿಡದಡಿ ತಾಟು ಹಿಡಿದು ಅಲ್ಲಾಡಿಸಿ, ಉದುರಿದ ಹುಳುಗಳನ್ನು ಆರಿಸಿ ಕೋಳಿಗೆ ಹಾಕುತ್ತಾರೆ. ಗಿಡದಲ್ಲಿರುವ ಕಣಜ, ಜೇಡಗಳಿಗೆ ಇದರಿಂದ ತೊಂದರೆಯಿಲ್ಲ.

ಟ್ರೈಕೊ ಕಾರ್ಡು ಮೆಕ್ಕೆಜೋಳ, ಟೊಮೆಟೊ, ಹತ್ತಿ, ಕಬ್ಬಿಗೆ ಹೆಚ್ಚು ಉಪಯುಕ್ತ. ಬಳಸುವಾಗ ಈ ನಿಯಮ ಪಾಲಿಸಿ: ಪತಂಗಗಳು ಕಾಣಿಸಿಕೊಂಡ ಕೂಡಲೇ ಕಟ್ಟಬೇಕು, ಹುಳು ಬಿದ್ದ ಮೇಲಲ್ಲ. ಕಾರ್ಡಿನ ಮೇಲೆ ಬರೆದ ದಿನಕ್ಕಿಂತ ಮೊದಲೇ ತಂದು, ಪಟ್ಟಿಗಳಾಗಿ ಕತ್ತರಿಸಿ, ಎಲೆಯ ಅಡಿಬದಿಗೆ ಹೊಲದ ತುಂಬ ಅಲ್ಲಲ್ಲಿ ಪಿನ್ನು ಮಾಡಬೇಕು. ಬೆಳಗಿನ ತಂಪು ಅಥವಾ ಸಂಜೆ ಹೊತ್ತು ಸೂಕ್ತ. ವಾರಕ್ಕೊಮ್ಮೆಯಂತೆ ಕೆಲವು ಬಾರಿ ಬಿಡಬೇಕು. ಮೊದಲೊಂದು ವಾರ, ಆಮೇಲೊಂದು ವಾರ ಎಣ್ಣೆ ಹೊಡೆಯಬಾರದು.

ಕಂಬಳಿಹುಳುವಿಗೆ ಊರೇ ಒಂದಾಗಬೇಕು

ಕೆಂಪು ಕಂಬಳಿಹುಳುವಿನ ಮಾತು ಬೇರೆ. ಬಲಿತ ಹುಳುವಿನ ಮೈತುಂಬ ರೋಮ. ಅದನ್ನು ತಿನ್ನುವವರು ಕಡಿಮೆ. ದಂಡು ಹೊರಟ ಮೇಲೆ ಯಾವ ಕಣಜವೂ ತಡೆಯಲಾರದು. ಅದರ ತತ್ತಿ, ಆಗತಾನೆ ಹುಟ್ಟಿದ ಮರಿ, ಮಣ್ಣಿನೊಳಗಿನ ಕೋಶ ಈ ಮೂರೇ ಅದರ ಮೆತ್ತನೆಯ ಜಾಗಗಳು. ಅಲ್ಲೇ ಪೆಟ್ಟು ಕೊಡಬೇಕು.

ಬೇಸಿಗೆಯ ಮಾಗಿ ಉಳುಮೆಯಲ್ಲಿ ಕೋಶಗಳು ಮೇಲೆ ಬೀಳುತ್ತವೆ. ಗೊರವಂಕ, ಬೆಳ್ಳಕ್ಕಿ, ಕಾಗೆಗಳು ನೇಗಿಲ ಹಿಂದೆಯೇ ಬಂದು ತಿನ್ನುತ್ತವೆ, ಉಳಿದವು ಬಿಸಿಲಿಗೆ ಬೇಯುತ್ತವೆ. ಬದುಗಳ ಮೇಲೆ, ಮರದಡಿ ಕೋಶ ಹೆಚ್ಚು. ಅಲ್ಲಿ ಅಗೆದು ಆರಿಸಬೇಕು. ಮೊದಲ ಹದಮಳೆ ಬಿದ್ದ ಸಂಜೆಯಿಂದ ಮೂರು ನಾಲ್ಕು ರಾತ್ರಿ ಊರವರೆಲ್ಲ ಒಟ್ಟಿಗೆ ಹೊಲಗಳಲ್ಲಿ ಬೆಂಕಿ ಹಾಕಿದರೆ ಪತಂಗಗಳು ಬಂದು ಬಿದ್ದು ಸಾಯುತ್ತವೆ. ತಿಂಗಳುಗಟ್ಟಲೆ ಬೆಂಕಿ, ದೀಪ ಇಡಬಾರದು. ಮಿತ್ರಕೀಟಗಳೂ ಅದರಲ್ಲಿ ಬೀಳುತ್ತವೆ. ಆಮೇಲೆ ಜಾಲರಿಯಾದ ಎಲೆಗಳನ್ನು ಮರಿಗಳ ಸಮೇತ ಕಿತ್ತು ನಾಶಮಾಡಬೇಕು. ಎಕ್ಕೆ, ಕಾಡುಹರಳಿನ ಸೊಪ್ಪನ್ನು ಹೊಲದಲ್ಲಿ ಅಲ್ಲಲ್ಲಿ ಹಾಕಿದರೆ ಹುಳುಗಳು ಅದಕ್ಕೆ ಮುತ್ತುತ್ತವೆ. ಬೆಳಿಗ್ಗೆ ಆರಿಸಿ ಕೊಲ್ಲಬಹುದು. ದಂಡು ಬರುವ ದಿಕ್ಕಿಗೆ ಅಡ್ಡಲಾಗಿ ಒಂದು ಅಡಿ ಆಳದ ಕಾಲುವೆ ತೋಡಬೇಕು.

ಒಬ್ಬನೇ ಬೆಂಕಿ ಹಾಕಿದರೆ ಊರ ಪತಂಗವೆಲ್ಲ ಅವನ ಹೊಲಕ್ಕೇ ಬರುತ್ತದೆ. ಎಲ್ಲರೂ ಹಾಕಿದರೆ ಎಲ್ಲರೂ ಉಳಿಯುತ್ತಾರೆ. ಪತಂಗಕ್ಕೆ ಆಂಧ್ರವೆಂದಿಲ್ಲ, ಕರ್ನಾಟಕವೆಂದಿಲ್ಲ. ಪಾವಗಡ, ಚಳ್ಳಕೆರೆ ಕಡೆಯ ಹೊಲಗಳೂ ನಮ್ಮ ಹೊಲಗಳೂ ಒಂದೇ ಬದುವನ್ನು ಹಂಚಿಕೊಂಡಿವೆ. ಆದ್ದರಿಂದ ಗಡಿಯ ಎರಡೂ ಕಡೆಯ ಹಿರಿಯರು ಕೂಡಿ ದಿನ ಗೊತ್ತು ಮಾಡುವುದು ಲೇಸು.

ವರ್ಷದ ಕೆಲಸ

ಚೈತ್ರ, ವೈಶಾಖ: ಮಾಗಿ ಉಳುಮೆ. ಬದುವಿನ ಕೋಶ ಆರಿಸುವುದು. ಬೇವಿನ ಬೀಜ ಕೂಡಿಡುವುದು.

ರೋಹಿಣಿಯಿಂದ ಆರಿದ್ರಾ ಮಳೆಯ ತನಕ: ಮೊದಲ ಮಳೆಯ ಸಂಜೆ ಸಾಮೂಹಿಕ ಬೆಂಕಿ. ಶೇಂಗಾ ಬಿತ್ತುವಾಗಲೇ ತೊಗರಿ, ಸಜ್ಜೆ, ಜೋಳ, ಅಲಸಂದೆಯ ಅಕ್ಕಡಿ ಸಾಲು. ಹೊಲದ ಸುತ್ತ ಔಡಲ. ತಂಬಾಕಿನ ಹುಳುವಿನ ಪತಂಗ ಔಡಲದ ಅಗಲ ಎಲೆಯ ಮೇಲೆ ತತ್ತಿ ಇಡುತ್ತದೆ, ಎಲೆ ಸಮೇತ ಕಿತ್ತರಾಯಿತು. ಅಲಸಂದೆಗೆ ಬರುವ ಹೇನು ಗುಲಗಂಜಿ ಹುಳುವಿಗೆ ಊಟ. ಅದು ಅಲ್ಲಿ ಬೆಳೆದು ಶೇಂಗಾಕ್ಕೆ ಬರುತ್ತದೆ.

ಶ್ರಾವಣ, ಭಾದ್ರಪದ: ವಾರಕ್ಕೆರಡು ಬಾರಿ ಹೊಲ ಸುತ್ತಿ ಎಣಿಸುವುದು. ಎಕರೆಗೆ ಹತ್ತಿಪ್ಪತ್ತು ಕವಲುಕಡ್ಡಿ ನೆಟ್ಟರೆ ಕಾಜಾಣ, ಗೊರವಂಕ ಕೂತು ಹುಳು ಹಿಡಿಯುತ್ತವೆ. ಹುಳು ಎಳೆಯದಿರುವಾಗಲೇ ಶೇಕಡ ೫ರ ಬೇವಿನ ಬೀಜದ ಕಷಾಯ, ಅಂದರೆ ೧೦೦ ಲೀಟರು ನೀರಿಗೆ ೫ ಕಿಲೋ ಬೀಜದ ತಿರುಳು.

ಕಾರ್ತಿಕದಿಂದ ಪುಷ್ಯ: ಕಡಲೆ, ತೊಗರಿಯ ಕಾವಲು. ಕ್ಯಾಂಪೊಲೆಟಿಸ್ ಗೂಡು ಹುಡುಕುವುದು. ಬೇಕಾದರೆ ಸಂಜೆ ಎನ್.ಪಿ.ವಿ.

ಹಿಪ್ಪುನೇರಳೆ ತೋಟದ ಹತ್ತಿರ ಮಾತ್ರ ಒಂದು ಜಾಗ್ರತೆ: ರೇಷ್ಮೆ ಹುಳುವೂ ಒಂದು ಮರಿಹುಳುವೇ. ಬಿ.ಟಿ. ಎಂಬ ಜೈವಿಕ ಪುಡಿ ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ಅದನ್ನು ಅಲ್ಲಿ ಹೊಡೆಯಲೇಬಾರದು.

ಮನೆಯಲ್ಲೇ ಒಂದು ಪರೀಕ್ಷೆ

ಶಾಲೆಯ ಮಕ್ಕಳಿಂದ ಇದನ್ನು ಮಾಡಿಸಿ. ಹೊಲದಿಂದ ಇಪ್ಪತ್ತು ಹುಳುಗಳನ್ನು ಎಲೆ ಸಮೇತ ತಂದು, ಒಂದೊಂದನ್ನು ಒಂದೊಂದು ಸೀಸೆಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ ನೆರಳಿನಲ್ಲಿಡಿ. ಕಂಬಳಿಹುಳುವನ್ನು ಬರಿಗೈಯಲ್ಲಿ ಮುಟ್ಟಬಾರದು, ತುರಿಕೆಯಾಗುತ್ತದೆ. ದಿನವೂ ಹೊಸ ಎಲೆ ಹಾಕಿ. ಒಂದೆರಡು ವಾರ ನೋಡಿ. ಎಷ್ಟು ಹುಳು ಬೆಳೆದವು, ಎಷ್ಟರಿಂದ ಕಣಜ ಬಂತು, ಎಷ್ಟರಿಂದ ನೊಣ ಬಂತು, ಎಷ್ಟು ರೋಗದಿಂದ ಸತ್ತವು ಎಂದು ಬರೆದಿಡಿ. ಇಪ್ಪತ್ತರಲ್ಲಿ ಎಂಟು ಹತ್ತು ಹುಳು ಹೀಗೆ ಸತ್ತರೆ ಹೊಲದಲ್ಲಿಯೂ ಅದೇ ನಡೆದಿದೆ ಎಂದರ್ಥ. ಆಗ ಎಣ್ಣೆ ಹೊಡೆದರೆ ನಮ್ಮ ಆಳುಗಳನ್ನು ನಾವೇ ಕೊಂದಂತೆ. ಹೊಲದಲ್ಲಿ ಎಣಿಸುವಾಗ ಎರಡು ಹುಳುವಿಗೆ ಒಂದು ಮಿತ್ರಕೀಟವಿದ್ದರೆ ತಾಳಿ ನೋಡಬ��ುದೆಂದು ಕೃಷಿ ತಜ್ಞರ ಸಾಮಾನ್ಯ ಲೆಕ್ಕ.

ನೆನಪಿಡಬೇಕಾದ ಮಾತುಗಳು

೧. ಕಂಡ ಹುಳುವೆಲ್ಲ ವೈರಿಯಲ್ಲ. ಕೊಲ್ಲುವ ಮೊದಲು ಗುರುತಿಸಿ.
೨. ಸತ್ತ ಹುಳುವಿನ ಮೇಲಿನ ಬಿಳಿ ಗೂಡು, ಕಪ್ಪಾದ ತತ್ತಿ, ತಲೆಕೆಳಗಾಗಿ ಜೋತ ಹುಳು ಇವು ಶುಭಸೂಚನೆ.
೩. ಒಂದೇ ಬೆಳೆಯ ಹೊಲ ಹುಳುವಿಗೆ ಹಬ್ಬ. ಅಕ್ಕಡಿಯ ಹೊಲ ಮಿತ್ರಕೀಟಕ್ಕೆ ಮನೆ.
೪. ಮಿತ್ರಕೀಟದ ಕೆಲಸ ನಿಧಾನ. ಎಣ್ಣೆಯಂತೆ ಮರುದಿನವೇ ಹುಳು ಉದುರುವುದಿಲ್ಲ. ತಾಳ್ಮೆ ಬೇಕು.
೫. ಕೈಮೀರುತ್ತಿದೆ ಎನಿಸಿದರೆ ಅಂಗಡಿಯವನನ್ನಲ್ಲ, ಊರಿನ ರೈತು ಸೇವಾ ಕೇಂದ್ರದವರನ್ನು ಅಥವಾ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ.

ಹೊಲದ ಕಾಯಕದಲ್ಲಿ ನಾವು ಒಬ್ಬಂಟಿಗಳಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಹಗಲಿರುಳು ನಮ್ಮ ಜೊತೆ ದುಡಿಯುತ್ತಿವೆ. ಅವುಗಳಿಗೆ ನಾವು ಕೊಡಬೇಕಾದ ಕೂಲಿ ಇಷ್ಟೇ: ಅವುಗಳನ್ನು ಬದುಕಲು ಬಿಡುವುದು. ಬರುವ ಮುಂಗಾರಿಗೆ ಪ್ರತಿ ಊರಿನಲ್ಲೂ ಹತ್ತು ಮನೆಯವರಾದರೂ ಕೂಡಿ ಒಂದು ಎಕರೆಯಲ್ಲಿ ಈ ಕ್ರಮವನ್ನು ಮಾಡಿ ನೋಡಲಿ. ಖರ್ಚು ಎಷ್ಟು, ಬೆಳೆ ಎಷ್ಟು ಎಂಬುದನ್ನು ಪಕ್ಕದ ಎಕರೆಯೊಂದಿಗೆ ತೂಗಿ ಬರೆದಿಡಲಿ. ತಕ್ಕಡಿಯೇ ಉತ್ತರ ಹೇಳುತ್ತದೆ.